ಪೆನ್ಕಾ ಅಜ್ಜಿಯ ಬಲ್ಗೇರಿಯನ್

ಮಾನ್ಯ ಅಧ್ಯಕ್ಷರೇ, ಪ್ರೊಫೆಸರ್ ಕರಾಜೊವ್ ಅವರೇ, ಗುರುಗಳೇ, ದೂರದೂರಿನಿಂದ ಮಕ್ಕಳ ಪದವಿ ನೋಡಲು ಬಂದ ತಂದೆತಾಯಿಗಳೇ, ಈ ಸೆಕೆಯಲ್ಲಿ ಕಪ್ಪು ಗೌನು ತೊಟ್ಟು ಬೇಯುತ್ತಿರುವ ಗೆಳೆಯರೇ, ಸಭಿಕರೇ,

ಪರದೇಶಿ ವಿದ್ಯಾರ್ಥಿಗಳ ಪರವಾಗಿ ಎರಡು ಮಾತಾಡು ಎಂದಿದ್ದಾರೆ. ಬಲ್ಗೇರಿಯಾದ ಈ ಸ್ತಾರಾ ಜಗೋರಾ ಊರಿಗೆ ಬಂದಿಳಿದ ದಿನ ನಾನು ಆ ಪದದ ಎರಡೂ ಅರ್ಥದಲ್ಲಿ ಪರದೇಶಿಯೇ ಆಗಿದ್ದೆ.

ನಾನು ಮಿರ್ಸಿನಿ, ಪುಟ್ಟ ಗ್ರೀಕ್ ದ್ವೀಪವೊಂದರ ಹುಡುಗಿ. ನಮ್ಮ ಹಳ್ಳಿಯಲ್ಲಿ ಆಡಿಗೆ ಕಾಯಿಲೆಯಾದರೆ ವೈದ್ಯರು ಹಡಗಿನಲ್ಲಿ ಬರಬೇಕು. ಗಾಳಿ ಎದ್ದರೆ ಹಡಗಿಲ್ಲ, ವೈದ್ಯರಿಲ್ಲ, ಆಮೇಲೆ ಆಡೂ ಇಲ್ಲ. ಪಶುವೈದ್ಯೆಯಾಗಿಯೇ ಮರಳುತ್ತೇನೆ ಎಂದು ಊರಿಗೆಲ್ಲ ಹೇಳಿ ಹೊರಟವಳು ನಾನು. ಆದರೆ ಪಾಠವೆಲ್ಲ ಬಲ್ಗೇರಿಯನ್ನಿನಲ್ಲಿ! ಅಂಗರಚನೆಯ ಮೌಖಿಕ ಪರೀಕ್ಷೆಯಲ್ಲಿ ಬಾಯಿಪಾಠ ಮಾಡಿದ್ದು ಬಾಯಿಗೇ ಬರಲಿಲ್ಲ. ಫೇಲಾದೆ. ಮತ್ತೆ ಕಟ್ಟಿದೆ, ಮತ್ತೆ ಫೇಲು. ಸೆಪ್ಟೆಂಬರಿನಲ್ಲಿ ಕೊನೆಯ ಅವಕಾಶ. ಅದೂ ಹೋದರೆ ಮನೆಗೆ ನಡೆ.

ನನ್ನ ಮನೆಯೊಡತಿ ಪೆನ್ಕಾ ಅಜ್ಜಿ, ಅಗೋ, ಈಗಲೇ ಮೂಗೊರೆಸಿಕೊಳ್ಳುತ್ತಿದ್ದಾರಲ್ಲ, ಅವರೇ. ಅಂಗಳದಲ್ಲಿ ಚಳಿಗಾಲಕ್ಕೆಂದು ಕೆಂಪು ಮೆಣಸಿನಕಾಯಿ ಸುಡುತ್ತಿದ್ದವರು ನನ್ನ ಅಳು ಕೇಳಿ ಕರೆದರು.

"ಬಾ ಇಲ್ಲಿ. ಅತ್ರೆ ಹಸು ಬದುಕುತ್ತಾ? ಕೂತ್ಕೋ, ಸಿಪ್ಪೆ ಬಿಡಿಸು. ಬಿಡಿಸ್ತಾ ನಿನ್ನ ಪಾಠ ನಂಗೆ ಹೇಳು."

"ನಿಮಗೆ ಅರ್ಥ ಆಗಲ್ಲ ಅಜ್ಜಿ."

"ನಂಗೆ ಅರ್ಥ ಆಗ್ದಿದ್ರೆ ನಿಂಗೂ ಆಗಿಲ್ಲ ಅಂತ ಲೆಕ್ಕ, ಚಿನ್ನಾ!"

ಹಾಗೆ ಶುರುವಾಯಿತು. ಮೆಣಸಿನಕಾಯಿ ಮುಗಿದು ಟೊಮೆಟೊ ಬಂತು, ಟೊಮೆಟೊ ಮುಗಿದು ದ್ರಾಕ್ಷಿ ಬಂತು. ನಾನು ಹೇಳುತ್ತಲೇ ಇದ್ದೆ, ಅಜ್ಜಿ ತಿದ್ದುತ್ತಲೇ ಇದ್ದರು. ಒಂದೇ ಒಂದು ತೊಂದರೆ. ಅಜ್ಜಿ ಜೀವಮಾನದಲ್ಲಿ ಯಾವುದನ್ನೂ ಮುದ್ದು ಮಾಡದೆ ಕರೆದವರಲ್ಲ. ಕೋಳಿಗೆ ಕೋಳಿಮರಿಯಮ್ಮ, ಚಮಚಕ್ಕೆ ಪುಟಾಣಿ ಚಮಚ, ಎಲ್ಲ ಮಾತಿನ ಕೊನೆಗೂ ಚಿನ್ನಾ. ಬಲ್ಗೇರಿಯನ್ ಎಂದರೆ ಇದೇ ಎಂದು ನಾನು ನಂಬಿದೆ. ನಂಬದೆ ಏನು ಮಾಡಲಿ, ನೀವೇ ಹೇಳಿ?

ಪರೀಕ್ಷೆಯ ದಿನ ಪ್ರೊಫೆಸರ್ ಕರಾಜೊವ್ ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಹಸು ತಂತಿ ನುಂಗಿದರೆ ಹೃದಯಕ್ಕೇಕೆ ಅಪಾಯ?"

ನಾನು ಕಣ್ಮುಚ್ಚಿ ಮೆಣಸಿನಕಾಯಿ ನೆನೆದು ಶುರುಮಾಡಿದೆ. "ಹಸುವಮ್ಮನಿಗೆ ನಾಲ್ಕು ಹೊಟ್ಟೆಮರಿ ಇರ್ತವೆ. ಎರಡನೇ ಹೊಟ್ಟೆಮರಿ, ಪುಟಾಣಿ ಹೃದಯದ ಪಕ್ಕದ ಮನೇಲೇ ವಾಸ. ನಡುವೆ ಇರೋದು ತೆಳ್ಳನೆ ಗೋಡೆ. ಹೊಟ್ಟೆಮರಿ ಹಿಂಡಿದಾಗ ತಂತಿ ಆ ಗೋಡೆ ಚುಚ್ಕೊಂಡು, ಕದ ತಟ್ಟದೇ ಒಳಗೆ ನುಗ್ಗುತ್ತೆ, ಚಿನ್ನಾ!"

ಪಕ್ಕದಲ್ಲಿದ್ದ ಅವರ ಸಹಾಯಕಿ ಕೈಯಿಂದ ಬಾಯಿ ಮುಚ್ಚಿಕೊಂಡರು. ಮುಗಿಯಿತು, ಸಂಜೆಯ ಬಸ್ಸಿಗೆ ಹೊರಡೋಣ ಎಂದುಕೊಂಡೆ. ಪ್ರೊಫೆಸರ್ ಕನ್ನಡಕ ತೆಗೆದರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೋ ಎಂದು ಹೆದರಿದೆ, ನಗುತ್ತಿದ್ದರು.

"ಇಷ್ಟು ವರ್ಷ ಪಾಠ ಮಾಡಿದೀನಿ, ಒಬ್ರೂ ನಂಗೆ ಚಿನ್ನಾ ಅಂದಿರಲಿಲ್ಲ. ಯಾರಮ್ಮಾ ಕಲಿಸಿದ್ದು?"

"ಮನೆಯೊಡತಿ ಅಜ್ಜಿ."

"ಭಾಷೆ ಅಜ್ಜಿದು. ಆದ್ರೆ ಅರ್ಥ ಮಾಡ್ಕೊಂಡಿರೋದು ನೀನೇ. ಹೋಗು, ಪಾಸು."

ಹೊರಗೆ ಓಡಿಬಂದು ಊರಿಗೆ ಫೋನ್ ಮಾಡಿದೆ. ಅಮ್ಮ ಎತ್ತಿದ್ದೇ ತಡ, ಉಸಿರು ಬಿಡದೆ ಎಲ್ಲ ಹೇಳಿದೆ: ತಂತಿ, ಗೋಡೆ, ಪ್ರೊಫೆಸರರ ನಗು, ಎಲ್ಲ. ಆ ಕಡೆಯಿಂದ ಅಮ್ಮ ಮೆಲ್ಲಗೆ ಕೇಳಿದಳು:

"ಮಿರ್ಸಿನಿ, ನೀನೇನಾ? ಅದ್ಯಾವ ಭಾಷೇಲಿ ಮಾತಾಡ್ತಿದೀಯ ಮಗಳೇ? ಒಂದು ಪದಾನೂ ತಿಳೀಲಿಲ್ಲ."

ನನಗೇ ಗೊತ್ತಾಗಿರಲಿಲ್ಲ. ಗ್ರೀಕಿನಲ್ಲಿ ಮತ್ತೆ ಹೇಳಲು ಹೊರಟೆ. ನಗು ಉಕ್ಕಿ ಮಾತೇ ಹೊರಡಲಿಲ್ಲ.

"ಬಿಡು, ಬಿಡು," ಎಂದಳು ಅಮ್ಮ, ಅವಳೂ ನಗುತ್ತಾ. "ತಿಳೀತು. ಪಾಸಾಗಿದೀಯ."

ಇಷ್ಟು ಹೊತ್ತು ಈ ಸೆಕೆಯಲ್ಲೂ ಎದ್ದು ಹೋಗದ ನಿಮಗೆಲ್ಲ ನನ್ನ ಧನ್ಯವಾದಗಳು, ನಮಸ್ಕಾರ.