ಎಪ್ಪತ್ತೆಂಟು ದಿನದ ದೊರೆ

ಹತ್ತಿರ ಸರೀರಿ. ಗಟ್ಟಿಯಾಗಿ ಹೇಳೋ ಮಾತಲ್ಲ ಇದು.

ನನ್ನ ತಂಗಿ ಮಗಳು ಕೃಪಾ ಇರೋದು ಮೆಲ್ಬರ್ನಿನ ಟ್ರುಗನಿನಾದಲ್ಲಿ. ಗಂಡ ದರ್ಶನ್‌ಗೆ ಸಿಡ್ನೀಲಿ ಕೆಲಸ. ಬಾಣಂತನಕ್ಕೆ ನಾನೇ ಹೋಗಿದ್ದೆ. ಜುಲೈ ಅಂದ್ರೆ ಅಲ್ಲಿ ಚಳಿಗಾಲ, ಐದೂವರೆಗೇ ಕತ್ತಲು. ಆ ಕತ್ತಲಲ್ಲಿ ಕೃಪಾ ಕೆರೆ ದಂಡೆ ಮೇಲೆ ನಡ್ಕೊಂಡು ಬಂದಳು. ಕೈಯಲ್ಲಿ ಒಂದು ಚೀಲ.

‘ಬಾಣಂತಿ ಕಣೇ ನೀನು,’ ಅಂದೆ.

‘ವಾಕ್ ಮಾಡಿ ಅಂದಿದಾರೆ ದೊಡ್ಡಮ್ಮ, ಡಾಕ್ಟರು.’ ಆಮೇಲೆ ಮೆಲ್ಲಗೆ... ‘ದಾರೀಲಿ ಈ ಚೀಲ ಪರಪರ ಅಂತಿತ್ತು. ಗಾಳಿನೇ ಇರಲಿಲ್ಲ.’

ಚೀಲದಲ್ಲಿ ಗೊಂಬೆ. ರೇಷ್ಮೆ ಅಂಗಿ ತೊಟ್ಟ ಪುಟ್ಟ ಹುಡುಗ. ಹಿಂದಿನ ಬೀದಿಯ ಜಪಾನಿ ಅಜ್ಜಿ ಫುಮಿಕೊ ಹಳೇ ಸಾಮಾನು ಹಂಚ್ತಾ ಕೊಟ್ಟಿದ್ದಂತೆ.

ಮಾರನೆ ದಿನ ನಾಮಕರಣ. ನಮ್ಮಲ್ಲಿ ತೊಟ್ಟಿಲಿಗೆ ಮೊದಲು ಗುಂಡುಕಲ್ಲು ಮಲಗಿಸಿ ತೂಗ್ತೀವಿ, ದೃಷ್ಟಿ ಏನಿದ್ರೂ ಕಲ್ಲಿಗೆ ಹೋಗಲಿ ಅಂತ. ಮಿಕ್ಸಿ ಮನೇಲಿ ಗುಂಡುಕಲ್ಲೆಲ್ಲಿ? ‘ಗೊಂಬೆನೇ ಮಲಗಿಸು’ ಅಂದವಳು ನಾನು. ಅಷ್ಟಕ್ಕೇ ಬಿಡಲಿಲ್ಲ. ತಮಾಷೆಗೆ ಅದರ ಕಿವೀಲೂ ‘ಭಾಸ್ಕರ’ ಅಂತ ಮೂರು ಸಲ ಉಸುರಿದೆ. ಆಮೇಲೆ ಮಗು ಕಿವೀಲಿ. ಕೃಪಾನ ತೀರಿಹೋದ ಅಪ್ಪನ ಹೆಸರದು.

ಸಂಜೆ ಕೃಪಾ ಮಗೂನ ಕರೆದಳು. ‘ಭಾಸ್ಕರಾ...’

ಬೀರುವಿನ ಒಳಗಿಂದ... ‘ಊಂ.’

ಬೀರುವಿನಲ್ಲಿ ಇದ್ದದ್ದು ಗೊಂಬೆ. ಮಗು ಕಣ್ಣೇ ತೆರೀಲಿಲ್ಲ. ಹಾಲಿಗೂ ಬಾಯಿ ಹಾಕಲಿಲ್ಲ. ಡಾಕ್ಟರು ನೋಡಿ ಏನೂ ಇಲ್ಲ ಅಂದ್ರು. ಎರಡನೇ ದಿನಕ್ಕೆ ಅಳೋ ದನೀನೂ ಇಳೀತು.

ಕೃಪಾ ದರ್ಶನ್‌ಗೆ ಫೋನ್ ಮಾಡಿದಳು. ‘ಯಾರೋ ಓಗೊಡ್ತಾರೆ ಕಣೋ.’

‘ಟೀವಿ ಆಫ್ ಮಾಡು.’

‘ನೀನಿನ್ನೂ ಟೀವಿ ತಂದೇ ಇಲ್ಲ.’

ಗೊಂಬೆ, ಮಗು ಎರಡನ್ನೂ ಎತ್ಕೊಂಡು ಫುಮಿಕೊ ಮನೆಗೆ ಓಡಿದ್ವಿ. ಅವಳು ಬಾಗಿಲಲ್ಲೇ ಕೇಳಿದಳು, ‘ಹೆಸರಿಟ್ಟು ಕರೆದ್ರಾ?’

ಅವಳ ಇಂಗ್ಲಿಷನ್ನ ಕೃಪಾ ನನಗೆ ಬಿಡಿಸಿ ಹೇಳಿದಳು. ಎಂಟುನೂರು ವರ್ಷದ ಹಿಂದೆ ಜಪಾನಿನ ದೊರೆಯಂತೆ ಆ ಗೊಂಬೆ ಹುಡುಗ. ಎರಡು ವರ್ಷದ ಕೂಸು. ಅವನ ತಾತ, ಆಗ ಅಧಿಕಾರ ಹಿಡಿದಿದ್ದ ಹೋಜೊ ಮನೆತನದ ಮೇಲೆ ಯುದ್ಧಕ್ಕೆ ಹೋಗಿ ಸೋತ. ಗೆದ್ದವರು ಕೂಸನ್ನ ಗದ್ದುಗೆಯಿಂದ ಇಳಿಸಿದ್ರು. ಆಳಿದ್ದು ಎಪ್ಪತ್ತೆಂಟೇ ದಿನ. ಪಟ್ಟಾಭಿಷೇಕ ಕೂಡ ಆಗಲಿಲ್ಲ. ರಾಜರ ಪಟ್ಟೀಲಿ ಅವನಿಗೊಂದು ಹೆಸರು ಬರೋಕೆ ಆರುನೂರು ವರ್ಷ ಹಿಡೀತು.

‘ಕೊಟ್ಟಿದ್ದನ್ನ ಕಸ್ಕೋಬೇಡಿ,’ ಅಂದಳು ಫುಮಿಕೊ. ‘ಒಂದು ಸಲ ಕಸ್ಕೊಂಡಿದಾರೆ.’

ಕೃಪಾ ಮಗೂನ ನನಗೆ ಕೊಟ್ಟಳು. ಆಮೇಲೆ ಗೊಂಬೆ ಕಿವಿ ಹತ್ತಿರ ಬಾಗಿದಳು. ‘ನಮ್ಮಪ್ಪನ ಹೆಸರು ನೀನೇ ಇಟ್ಕೋ, ಕಂದ. ನನ್ನ ಮಗೂನ ಬಿಡು.’

ಅಲ್ಲೇ, ಹೊಸಿಲಲ್ಲಿ ನಿಂತು, ಮಗು ಕಿವೀಲಿ ‘ಅಕ್ಷಿತ್’ ಅಂದೆ. ಕಣ್ಣು ಬಿಡ್ತು. ಚಪ್ ಚಪ್ ಅಂತ ಬೆರಳು ಚೀಪೋಕೆ ಶುರು ಮಾಡ್ತು.

ಸುಳ್ಳು ಹೇಳೋ ವಯಸ್ಸಲ್ಲ ನಂದು. ಗೊಂಬೇನ ಫುಮಿಕೊ ಕೈಗಿಟ್ಟವಳು ನಾನೇ. ಅಂಗಿಯ ಕೊರಳು ಒದ್ದೆಯಾಗಿತ್ತು... ಬೆಚ್ಚಗೆ. ಎದೆಹಾಲಿನ ವಾಸನೆ.