ಮುಚ್ಚಿದ ನಲ್ಲಿಯ ನೀರು

ಬಾವಿ ಹತ್ತಿರ ಏನೂ ಆಗಲಿಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ರಾತ್ರಿ ಎರಡು ಗಂಟೆ, ಹಾಳುಬಾವಿ, ಪಕ್ಕದಲ್ಲಿ ಆಲದಮರ ಅಂದ ಕೂಡಲೇ ನೀವೆಲ್ಲ ಕಾಲು ಮೇಲಕ್ಕೆಳೆದುಕೊಂಡು ಕೂತ್ಕೋತೀರಿ. ಬಾವಿ ಪಾಪ ತನ್ನ ಪಾಡಿಗೆ ತಾನಿತ್ತು. ಮೇಲೆ ಕಬ್ಬಿಣದ ಜಾಲರಿ, ಅದರ ಮೇಲೆ ಒಣಗಿದ ಎಲೆ. ನಮ್ಮ ಭಾವ ಅದನ್ನ ದಾಟಿ, ವಾಲ್ವ್ ತಿರುಗಿಸೋ ಉದ್ದನೆ ಕಬ್ಬಿಣದ ಚಾವಿ ಹೆಗಲ ಮೇಲೆ ಇಟ್ಕೊಂಡು, ಬೀದಿ ಕಡೆ ತಿರುಗಿದ. ಆದದ್ದೆಲ್ಲ ಅಲ್ಲಿ. ದೀಪ ಉರೀತಿದ್ದ ಬೀದಿಯಲ್ಲಿ, ಎರಡೂ ಕಡೆ ಮನೆ ತುಂಬ ಜನ ಇದ್ದ ಕಡೆ.

ಭಾವ ಅಂದ್ರೆ ನನ್ನ ಸೋದರತ್ತೆಯ ಮಗ. ನನಗಿಂತ ಎರಡೇ ತಿಂಗಳು ದೊಡ್ಡೋನು, ಅದಕ್ಕೇ ಏಕವಚನ. ಕೆಲಸ ನೀರುಗಂಟಿ. ಯಾವ ಬೀದಿಗೆ ಯಾವಾಗ ನೀರು ಬಿಡಬೇಕು, ಯಾವಾಗ ನಿಲ್ಲಿಸಬೇಕು, ಅದೆಲ್ಲ ಅವನ ಕೈಯಲ್ಲಿ. ಸುಳ್ಳು ಹೇಳೋ ಪೈಕಿ ಅಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಬಡಿಸಿ, "ಹೇಗಿದೆ?" ಅಂದ್ರೆ "ಉಪ್ಪು ಜಾಸ್ತಿ" ಅಂದು ಎರಡು ದಿನ ಹೊರಗೆ ತಿಂದೋನು.

ಲಾಕ್‌ಡೌನ್ ಕಾಲ. ಹಗಲು ನೀರು ಬಿಟ್ರೆ ಜನ ಬೀದಿ ನಲ್ಲಿ ಮುಂದೆ ಗುಂಪು ಸೇರ್ತಾರೆ ಅಂತ ಮೇಲಿನವರು ಹೊತ್ತು ಬದಲಾಯಿಸಿದ್ರು. ದಿನಾ ರಾತ್ರಿ ಎರಡು ಗಂಟೆಗೆ. ಹೊರಗೆ ಓಡಾಡೋಕೆ ಭಾವನ ಕೊರಳಲ್ಲಿ ಒಂದು ಪಾಸು. ಊರಿಗೆ ಊರೇ ಬಾಗಿಲು ಹಾಕ್ಕೊಂಡಿದ್ದಾಗ ಬೀದಿಗೆಲ್ಲ ಇವನೊಬ್ಬನೇ ರಾಜ.

ಆ ಮೌನ ಹೇಗಿತ್ತು ಗೊತ್ತಾ... ಗಾಡಿ ಇಲ್ಲ, ರೈಲಿಲ್ಲ. ಎಲ್ಲೋ ಮೂರನೇ ಮಹಡಿಯಲ್ಲಿ ಯಾರೋ ಮಗ್ಗುಲು ಬದಲಾಯಿಸಿದ್ರೆ ಮಂಚ ಕಿರ್ ಅನ್ನೋದು ಕೆಳಗೆ ಕೇಳಿಸೋದು. ಭಾವ ವಾಲ್ವ್ ತಿರುಗಿಸಿದ್ರೆ ಕೊಳಾಯಿಯಲ್ಲಿ ಮೊದಲು ಗಾಳಿ. ಗೊರ್... ಗೊರ್ರ್... ಆಮೇಲೆ ಫುಸ್. ಆಮೇಲೆ ನೀರು. ಮನೆಮನೆಯಲ್ಲೂ ಒಂದೊಂದು ಸದ್ದು. ಒಂದು ಕಡೆ ಪ್ಲಾಸ್ಟಿಕ್ ಡ್ರಮ್ಮಿಗೆ ದಬದಬ. ಇನ್ನೊಂದು ಕಡೆ ಮೋಟಾರು ಗುಂಯ್. ಕೊನೆಯ ಮನೆಯಲ್ಲಿ ತಗಡಿನ ಬಕೆಟ್ಟಿಗೆ ಮೊದಲು ಟಣಟಣ, ತುಂಬ್ತಾ ತುಂಬ್ತಾ ಝಳಝಳ, ಕಂಠಕ್ಕೆ ಬಂದಾಗ ಗುಳುಗುಳು, ಎತ್ತುವಾಗ ಸಡಿಲ ಹಿಡಿಕೆ ಕಿಣ್. ಅದು ಟೈಲರಮ್ಮನ ಮನೆ.

ಟೈಲರಮ್ಮ ಒಂಟಿ ಹೆಂಗಸು. ಐವತ್ತು ದಾಟಿತ್ತು. ಅಣ್ಣನೊಬ್ಬ ದೂರದ ಊರಲ್ಲಿ. ಲಾಕ್‌ಡೌನ್ ಶುರುವಾದ ವಾರದಲ್ಲೇ ಹಳೇ ಬಟ್ಟೆ ಕತ್ತರಿಸಿ ಇಡೀ ಬೀದಿಗೆ ಮಾಸ್ಕ್ ಹೊಲಿದು ಹಂಚಿದ್ರು. ಭಾವನಿಗೂ ಎರಡು, ಅವನ ಹೆಂಡತಿಗೆ ಹೂವಿನ ಬಟ್ಟೆಯದು ಎರಡು. "ನೀರು ಕುಡಿಸೋ ಕೈಯಪ್ಪ ನಿಂದು," ಅಂದಿದ್ರಂತೆ, "ಹುಷಾರಾಗಿರು."

ಆಮೇಲೆ ಅವರಿಗೇ ಜ್ವರ ಬಂತು.

ಆಸ್ಪತ್ರೆಯವರು ಪರೀಕ್ಷೆ ಮಾಡಿದ್ರು, ಕೊರೊನಾ ಇದೆ ಅಂದ್ರು, ಮನೇಲೇ ಇರಿ ಅಂದ್ರು. ಬಾಗಿಲಿಗೆ ತಗಡು ಹೊಡೆದು ಗಳ ಅಡ್ಡ ಕಟ್ಟಿಹೋದ್ರು. ಕಿಟಕಿ ಒಂದು ಬಿಟ್ಟಿದ್ರು, ಅಷ್ಟೆ.

ಅವತ್ತೇ ಸಂಜೆ ಬೀದಿಯವರು ಭಾವನನ್ನ ಕರೆಸಿದ್ರು. ಮುಂದಾಳು ಎದುರು ಮನೆಯ ಹೆಡ್‌ಕ್ಲರ್ಕು. ರಿಟೈರಾಗಿ ಆರು ವರ್ಷ ಆಗಿದ್ರೂ ಎಲ್ಲರ ಬಾಯಲ್ಲೂ ಹೆಡ್‌ಕ್ಲರ್ಕೇ. ಆರಾರು ಅಡಿ ದೂರ ನಿಂತಿದ್ರು ಎಲ್ಲರೂ, ಮುಖಕ್ಕೆ ಟೈಲರಮ್ಮನ ಮಾಸ್ಕು.

"ಆ ಮನೆ ನಲ್ಲಿ ಮುಚ್ಚಿಬಿಡಪ್ಪ. ಒಂದೇ ಕೊಳಾಯಿ. ರೋಗ ಅಲ್ಲಿಂದ ನಮ್ಮನೆಗೆ ಬರುತ್ತೆ."

"ಸಾರ್, ನೀರು ಒಳಗೆ ಹೋಗುತ್ತೆ, ವಾಪಸ್ ಬರಲ್ಲ. ಅದೂ ಕೊನೇ ಮನೆ."

"ನೀನೇನು ಡಾಕ್ಟರಾ? ನಾಳೆ ಬೀದಿಗೆಲ್ಲ ಬಂದ್ರೆ ನಿನ್ನ ಹೆಸರು ಬರೆದುಕೊಡ್ತೀನಿ. ಕೆಲಸ ಇರುತ್ತಾ ನೋಡ್ಕೋ."

ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಕಾಲ. ಒಬ್ಬನೂ ತಪ್ಪು ಅನ್ನಲಿಲ್ಲ. ಭಾವನೂ ಜಾಸ್ತಿ ವಾದ ಮಾಡಲಿಲ್ಲ. ಅದನ್ನ ಅವನೇ ಹೇಳ್ತಾನೆ. ಆ ಮನೆ ಮುಂದಿನ ಚಿಕ್ಕ ವಾಲ್ವ್ ಗುಂಡಿಯ ಮುಚ್ಚಳ ಎತ್ತಿ, ಚಾವಿ ಇಳಿಸಿ, ತಿರುಗಿಸಿದ. ಕರ್ರ್... ಕರ್ರ್... ಕಟ್. ರಾತ್ರಿ ಯಾರೂ ನೋಡದಾಗ ತೆಗೆದರಾಯ್ತು ಅಂದ್ಕೊಂಡಿದ್ದನಂತೆ.

ರಾತ್ರಿ ಬಂದ. ಕಿಟಕಿಯಲ್ಲಿ ಟೈಲರಮ್ಮ ನಿಂತಿದ್ರು.

"ತಮ್ಮಾ... ನಮ್ಮನೆಗೆ ನೀರು ಬರಲಿಲ್ವಲ್ಲ."

ಪಿಸುಮಾತು. ಜ್ವರಕ್ಕೆ ಗಂಟಲು ಒಡೆದಿತ್ತು.

"ಸಹಾಯವಾಣಿಗೆ ಮಾಡಿದ್ರೆ ಎತ್ತಲ್ಲ. ಕೊಡದಲ್ಲಿ ಎರಡು ಚೊಂಬು ಉಳಿದಿದೆ."

ಭಾವ ಎದುರು ಮನೆ ನೋಡಿದ. ಹೆಡ್‌ಕ್ಲರ್ಕ್ ಬಾಲ್ಕನಿಯಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ರು. ಕತ್ತಲಲ್ಲಿ ಬಿಳೀ ಬನಿಯನ್ನು ಮಾತ್ರ ಕಾಣ್ತಿತ್ತು.

"ನಾಳೆ ಬರುತ್ತೆ ಅಕ್ಕಾ," ಅಂದ. "ಲೈನ್ ರಿಪೇರಿ."

ಸುಳ್ಳು ಹೇಳದ ಬಾಯಿ ಅವತ್ತು ಹೇಳ್ತು. ಅವರು ನಂಬಿದ್ರು. "ಆಗಲಪ್ಪಾ, ನಿಧಾನಕ್ಕೆ ನೋಡು," ಅಂದು ಕಿಟಕಿ ಹಾಕ್ಕೊಂಡ್ರು.

ಮಾರನೇ ರಾತ್ರಿ ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ರೀ, ಇವತ್ತು ತೆಗೆದೇ ಬನ್ನಿ. ಕೆಲಸ ಹೋದ್ರೆ ಹೋಗಲಿ." ಹೂಂ ಅಂದುಬಂದ. ಒಂದು ಕ್ಯಾನಲ್ಲಿ ಕುಡಿಯೋ ನೀರನ್ನೂ ತಂದ. ಬಾಲ್ಕನಿಯಲ್ಲಿ ಮತ್ತೆ ಅದೇ ಬನಿಯನ್ನು. ಗುಂಡಿ ಹತ್ತಿರ ಬಗ್ಗಿದ, ಮೇಲಿಂದ ಕೆಮ್ಮು ಕೇಳಿಸ್ತು. ಕೆಮ್ಮೂ ಅಲ್ಲ... ಗಂಟಲು ಸರಿಮಾಡ್ಕೊಳ್ಳೋ ಥರ, ಖ್ಹ ಅಂತ. ಭಾವ ಎದ್ದು ನಡೆದುಬಿಟ್ಟ. ಕಿಟಕಿ ಒಳಗಿಂದ ಟಕ್ ಟಕ್ ಅಂತ ಬೆರಳ ಗೆಣ್ಣಿನ ಸದ್ದು ಬಂತು, ಎರಡು ಸಲ. ತಿರುಗಿ ನೋಡಲಿಲ್ಲ. ಕ್ಯಾನು ಕೈಯಲ್ಲೇ ಇತ್ತು.

ಮೂರನೇ ದಿನ ಮಧ್ಯಾಹ್ನ ಆಂಬುಲೆನ್ಸ್ ಬಂತು. ತಗಡು ಬಿಚ್ಚಿ ಕರಕೊಂಡು ಹೋಗಿ, ವಾಪಸ್ ತಗಡು ಹೊಡೆದ್ರು. ಆರನೇ ದಿನ ಸುದ್ದಿ ಬಂತು. ಹೋದ್ರು. ರೋಗದಿಂದ ಅಂತಲೇ ಹೇಳಿದ್ರು ಎಲ್ಲರೂ, ರೋಗವೇ ಇರಬೇಕು. ಆದ್ರೆ ಭಾವ ಅವತ್ತಿಂದ ಚೊಂಬು ಎತ್ತಿ ಕುಡಿಯೋದು ಬಿಟ್ಟ. ಒಂದು ಗುಟುಕು ಕುಡಿದು ಇಟ್ಟುಬಿಡೋನು.

ಸುದ್ದಿ ಬಂದ ರಾತ್ರಿ. ಬಾವಿ ದಾಟಿ ಬೀದಿಗೆ ತಿರುಗಿದ ಅಂದ್ನಲ್ಲ, ಅದು ಇದೇ ರಾತ್ರಿ. ದೊಡ್ಡ ವಾಲ್ವ್ ತಿರುಗಿಸಿದ. ಗೊರ್... ಫುಸ್... ದಬದಬ... ಗುಂಯ್...

ಮತ್ತೆ... ಟಣಟಣ.

ಕೊನೆಯ ಮನೆಯಿಂದ.

ಬೇರೆ ಮನೆಯದಿರಬೇಕು ಅಂತ ಹತ್ತಿರ ಹೋದ. ತಗಡು ಹೊಡೆದ ಹಾಗೇ ಇದೆ. ಒಳಗೆ ದೀಪ ಇಲ್ಲ. ಟಣಟಣ ಹೋಗಿ ಝಳಝಳ ಆಯ್ತು. ಝಳಝಳ ಹೋಗಿ ಗುಳುಗುಳು. ಕಿಣ್. ಒಂದು ಕ್ಷಣ ಏನೂ ಇಲ್ಲ... ಮತ್ತೆ ಟಣಟಣ.

ಯಾರೋ ತೆಗೆದಿರಬೇಕು ಅಂತ ಗುಂಡಿಗೆ ಚಾವಿ ಇಳಿಸಿದ. ವಾಲ್ವ್ ಮುಚ್ಚಿಯೇ ಇತ್ತು, ಇವನೇ ಬಿಗಿ ಮಾಡಿದಷ್ಟು ಬಿಗಿಯಾಗಿ. ನೀರುಗಂಟಿಗಳು ಒಂದು ಕೆಲಸ ಮಾಡ್ತಾರೆ. ಚಾವಿಯ ತುದಿಗೆ ಕಿವಿ ಇಟ್ರೆ ಕೆಳಗೆ ಕೊಳಾಯಿಯಲ್ಲಿ ನೀರು ಹರೀತಿದೆಯಾ ಇಲ್ವಾ ಗೊತ್ತಾಗುತ್ತೆ. ಮಂಡಿಯೂರಿ ಕಿವಿ ಇಟ್ಟ. ಕೊಳಾಯಿ ಸತ್ತ ಹಾಗಿತ್ತು. ಒಂದು ತೊಟ್ಟಿನ ಸದ್ದೂ ಇಲ್ಲ.

ಇನ್ನೊಂದು ಕಿವಿಗೆ ಮಾತ್ರ ಕಿಟಕಿ ಕಡೆಯಿಂದ ಝಳಝಳ... ಝಳಝಳ...

ಆಮೇಲೆ ಅದರ ಜೊತೆಗೇ, ತೀರಾ ಹತ್ತಿರದಿಂದ:

"ತಮ್ಮಾ... ಸಾಕು. ಇನ್ನು ಹಿಡಿದಿಡೋಕೆ ಪಾತ್ರೆ ಇಲ್ಲಪ್ಪ."

ಚಾವಿ ಅಲ್ಲೇ ಬಿತ್ತು. ಹೇಗೆ ಮನೆ ಸೇರಿದನೋ ಅವನಿಗೇ ಗೊತ್ತಿಲ್ಲ. ಹೆಂಡತಿ ಬಾಗಿಲು ತೆಗೆದಾಗ ಚಪ್ಪಲಿ ಒಂದೇ ಕಾಲಲ್ಲಿತ್ತಂತೆ.

ಹೀಗೇ ಒಂಬತ್ತು ರಾತ್ರಿ. ದಿನಾ ಹೋಗಲೇಬೇಕು, ಇಡೀ ಬೀದಿಗೆ ನೀರು ಇವನೇ ಬಿಡಬೇಕು. ವಾಲ್ವ್ ತಿರುಗಿಸಿ ಕಿವಿಗೆ ಬಟ್ಟೆ ಸುತ್ತಿಕೊಂಡು ಬಾವಿ ಹತ್ತಿರ ಹೋಗಿ ಕೂರೋನು. ಎಲ್ಲರೂ ಹೆದರೋ ಜಾಗವೇ ಅವನಿಗೆ ಧೈರ್ಯದ ಜಾಗ ಆಯ್ತು, ನೋಡಿ. ಆ ಕೊನೇ ಮನೆ ವಾಲ್ವ್ ತೆಗೆಯೋ ಧೈರ್ಯ ಮಾತ್ರ ಬರಲಿಲ್ಲ. ಬದುಕಿದ್ದಾಗ ತೆಗೆಯದೋನು ಈಗ ಯಾವ ಮುಖ ಇಟ್ಕೊಂಡು ತೆಗೀಲಿ ಅಂತ.

ಬೀದಿಯವರಿಗೂ ಕೇಳಿಸ್ತಿತ್ತು. ಅದು ಅವನಿಗೆ ತಿಳಿದದ್ದು ಹೇಗಂದ್ರೆ, ಎರಡು ಗಂಟೆಗೆ ಸರಿಯಾಗಿ ಮನೆಮನೆಯಲ್ಲೂ ಟಿ.ವಿ. ಜೋರಾಗೋದು. ಹಗಲು ಎದುರಿಗೆ ಸಿಕ್ಕಿದ್ರೆ ಒಬ್ಬನೂ ಬಾಯಿಬಿಡ್ತಿರಲಿಲ್ಲ. ಮಾಸ್ಕಿನ ಮೇಲೆ ಕಣ್ಣು ಮಾತ್ರ... ನಿದ್ದೆ ಇಲ್ಲದ ಕಣ್ಣು.

ಹತ್ತನೇ ರಾತ್ರಿ ಹೆಡ್‌ಕ್ಲರ್ಕ್ ಕೆಳಗಿಳಿದು ಬಂದ್ರು. ಬರಿಗಾಲು. ಆರಡಿ ದೂರ ಎಲ್ಲ ಮರೆತು ಭಾವನ ತೋಳು ಹಿಡ್ಕೊಂಡ್ರು.

"ಆ ನಲ್ಲಿ ತೆಗೆದುಬಿಟ್ಟೆಯೇನೋ?"

"ಇಲ್ಲ ಸಾರ್."

"ಮುಚ್ಚಿಯೇ ಇದೆಯಾ?"

"ನೀವು ಹೇಳಿದ ಹಾಗೇ ಇದೆ."

ಒಳಗೆ ಗುಳುಗುಳು... ಕಿಣ್.

"ತೆಗೆದುಬಿಡಪ್ಪ," ಅಂದ್ರು. "ನಿನ್ನ ದಮ್ಮಯ್ಯ. ತೆಗೆದುಬಿಡು."

ಭಾವ ಮಂಡಿಯೂರಿದ. ಹೆಡ್‌ಕ್ಲರ್ಕ್ ಟಾರ್ಚ್ ಹಿಡಿದ್ರು, ಬೆಳಕು ಗುಂಡಿಯ ಒಳಗೆಲ್ಲ ಅಲ್ಲಾಡ್ತಿತ್ತು. ಕರ್ರ್... ಕರ್ರ್... ವಾಲ್ವ್ ಪೂರಾ ತೆರೀತು.

ಒಳಗಿನ ಸದ್ದು ನಿಂತುಹೋಯ್ತು.

ಇಡೀ ಬೀದಿಯಲ್ಲಿ ಟಿ.ವಿ.ಗಳು ಒಂದೊಂದಾಗಿ ಆರಿದವು. ಹೆಡ್‌ಕ್ಲರ್ಕ್ ಮೆಟ್ಟಿಲು ಹತ್ತಿದ್ರು. ಮತ್ತೆ ಆ ಬಾಲ್ಕನಿಯಲ್ಲಿ ಕೂತದ್ದನ್ನ ಯಾರೂ ನೋಡಿಲ್ಲ.

ಲಾಕ್‌ಡೌನ್ ಸಡಿಲಾದ ಮೇಲೆ ಟೈಲರಮ್ಮನ ಅಣ್ಣ ಬಂದ್ರು, ಮನೆ ಖಾಲಿ ಮಾಡೋಕೆ. ಭಾವ ಅವರ ಮುಂದೆ ನಿಂತು ಎಲ್ಲ ಹೇಳಿಬಿಟ್ಟ, ನಲ್ಲಿ ಮುಚ್ಚಿದ್ದು, ಸುಳ್ಳು ಹೇಳಿದ್ದು, ಕಿಟಕಿ ಬಡಿದಾಗ ತಿರುಗದೇ ಹೋದದ್ದು. ಹೊಡೀತಾರೆ ಅಂದ್ಕೊಂಡಿದ್ದ. ಹೊಡೆದಿದ್ರೆ ಚೆನ್ನಾಗಿತ್ತು ಅಂತ ಈಗಲೂ ಅಂತಾನೆ.

ಅವರು ಕೇಳಿದ್ದು ಒಂದೇ ಮಾತು. "ಎಷ್ಟು ದಿನ?"

"ಮೂರು ದಿನ."

"ದಿನಾ ಫೋನ್ ಮಾಡ್ತಿದ್ದೆ," ಅಂದ್ರು ಆ ಅಣ್ಣ. "ಬೀದಿಯವರು ಚೆನ್ನಾಗಿ ನೋಡ್ಕೋತಿದ್ದಾರೆ, ಏನೂ ಕೊರತೆ ಇಲ್ಲ ಅಂತಿದ್ಲು."

ಅಷ್ಟು ಹೇಳಿ ತಗಡು ಬಿಚ್ಚೋಕೆ ಕೈ ಹಾಕಿದ್ರು. ಭಾವ ಇನ್ನೊಂದು ತುದಿ ಹಿಡಿದ, ಕಣ್ಣು ಒರೆಸ್ಕೊಂಡು.

ಈಗ ನೀವು ಕೇಳ್ತೀರಿ, ಅಪರಾಧ ಮಾಡಿದ ಮನಸ್ಸು, ಏನೇನೋ ಕೇಳಿಸಿರಬೇಕು ಅಂತ. ಕೇಳಿ. ಆದ್ರೆ ಅವತ್ತು ಹೊಲಿಗೆ ಮಿಷನ್ ಹೊರಗೆ ಎತ್ತಿಡೋಕೆ ಇನ್ನೊಬ್ಬ ಬೇಕು ಅಂತ ಭಾವ ಕರೆದದ್ದು ನನ್ನನ್ನೇ. ನಾನು ಒಳಗೆ ಹೋಗಿದ್ದೀನಿ. ಒಳಗಿನ ನಲ್ಲಿ ಬಿಗಿಯಾಗಿ ಮುಚ್ಚಿತ್ತು. ಮುಚ್ಚಿದ ಮನೆಯ ಧೂಳು ನೆಲದ ಮೇಲೆ, ಒಂದು ಹೆಜ್ಜೆ ಗುರುತಿಲ್ಲ, ಒಂದು ಹನಿ ಬಿದ್ದ ಗುರುತಿಲ್ಲ. ಆದ್ರೆ ಬಕೆಟ್ಟು, ಕೊಡ, ಪಾತ್ರೆ, ಲೋಟ, ಸೌಟು, ಸೋಪಿನ ಡಬ್ಬಿ, ಎಲ್ಲ ಗೋಡೆಗುಂಟ ಸಾಲಾಗಿ, ಕಂಠಮಟ್ಟ ತುಂಬಿ. ಮೂವರೂ ನೋಡಿದ್ವಿ.

ಮಿಷನ್ ಎತ್ತೋಕೆ ಮುಂಚೆ ನಾನು ಅದರ ಖಾನೆ ಎಳೆದೆ. ಒಳಗೆ ಅಂಗಿ ಗುಂಡಿ ಹಾಕೋ ಡಬ್ಬಿಯ ಮುಚ್ಚಳ ಅಂಗಾತ ಇತ್ತು, ನನ್ನ ಹೆಬ್ಬೆರಳಷ್ಟು ಅಗಲ. ಅದೂ ತುಂಬಿತ್ತು. ಅಲ್ಲಾಡಿ ನನ್ನ ಕಾಲ ಮೇಲೆ ಚೆಲ್ಲಿತು... ಹೊರಗೆ ಸುಡು ಬಿಸಿಲು, ನೀರು ಮಾತ್ರ ಈಗ ತಾನೇ ಹಿಡಿದಷ್ಟು ತಣ್ಣಗಿತ್ತು.