ಠರಾವಿಗೆ ನನ್ನ ಕೈ ಏಳಲಿಲ್ಲ

...ಇಲ್ಲ ಇಲ್ಲ, ಆವಾಗ ನಮ್ಮದು ಹಳ್ಳೀನ ಇತ್ತು, ಪ್ಯಾಟ್ಯಾಗ ಸೇರಿರಲಿಲ್ಲ. ನಾ ಪಂಚಾಯ್ತಿ ಮೆಂಬರು. ನಗಬ್ಯಾಡ್ರಿ, ಬೀಡಿ ಕಟ್ಟಾಕಿ ಆದ್ರೂ ಆರಿಸಿ ಬಂದಿದ್ನಿ, ಹೆಣ್ಮಕ್ಕಳ ಸೀಟು ಬಂದಿತ್ತಲ್ಲ. ಒಂದ ಪಂಚಾಯ್ತಿ, ಆದ್ರ ಮಂದಿ ಎರಡು. ರಸ್ತೆ ಈ ಕಡೆ ಹಳೇ ಊರು, ಆ ಕಡೆ ಹೊಲ ಪ್ಲಾಟ್ ಮಾಡಿ ಕಟ್ಟಿದ ಕಾಲನಿ. ಕಾಲನ್ಯಾಗ ನನ್ನ ತಮ್ಮ ಅಪ್ಪಾಸಾಬನ ಮನಿ. ಪ್ಯಾಟ್ಯಾಗ ಅರಬಿ-ಬಟ್ಟಿ ಅಂಗಡಿ ಇಟ್ಟಿದ್ದ. ನಮ್ಮ ತವರು ಏಕಸಂಬಿ, ಅದು ನಿಮಗ ಗೊತ್ತೈತಿ. ಹಾಂ, ಏನ ಹೇಳಾಕತ್ತಿದ್ನಿ? ಊರು ಪುರಸಭೆಗೆ ಸೇರಸೂದೋ ಬ್ಯಾಡೋ, ಠರಾವು ಮಾಡಿ ಕಳಸ್ರಿ ಅಂತ ಮ್ಯಾಲಿಂದ ಕಾಗದ ಬಂತು. ತಮ್ಮ ಓಡಿ ಬಂದ. 'ಅಕ್ಕಾ, ಸೇರಸೋಣ ಅನ್ನು. ನಮಗ ಗಟಾರಿಲ್ಲ, ರೋಡಿಲ್ಲ. ಈ ಹಳ್ಳಿ ಮಂದಿ ನಮ್ಮನ್ನ ಯಾವಾಗ ಕೇಳ್ಯಾರ?' ಅವ ಹೋಗೂದ ತಡ, ನನ್ನ ಜೋಡಿ ಬೀಡಿ ಕಟ್ಟೂ ಹುಸೇನಬೀ ಬಂದ್ಳು. 'ಪದ್ಮಕ್ಕಾ, ಪ್ಯಾಟಿ ಆದ್ರ ಖಾತ್ರಿ ಕೆಲಸ ಹೋಗತೈತಂತ. ಬೀಡಿ ಎಲಿ ವಾರದಾಗ ಮೂರ ದಿವಸ ಸಿಗತೈತಿ. ಉಳಿದ ದಿವಸ ಏನ ತಿನ್ನೂನು?' ಖಾತ್ರಿ ಅಂದ್ರ, ಸರಕಾರ ಕೆರಿ ಹೂಳು ತಗಸಿ, ಕಾಲವಿ ತೋಡಿಸಿ ಪಗಾರ ಕೊಡತಿತ್ತು, ಹಳ್ಳಿ ಮಂದಿಗಷ್ಟ.

ಮೀಟಿಂಗಿನ್ಯಾಗ ಎರಡೂ ಕಡೆ ಸಮ ಬಂತು. ಉಳಿದಾಕಿ ನಾ ಒಬ್ಬಾಕಿ. ಮೀಟಿಂಗಿಗೆ ಬಂದಿದ್ದ ತಾಲೂಕಾ ಸಾಹೇಬ್ರನ್ನ ಕೇಳಿದ್ನಿ, 'ಪ್ಯಾಟಿ ಆದ್ರ ಖಾತ್ರಿ ಇರತೈತೇನ್ರಿ?' 'ಇಲ್ಲವ್ವಾ, ಅದು ಹಳ್ಳಿಗಷ್ಟ' ಅಂದ್ರು. ನನ್ನ ಕೈ ಏಳಲಿಲ್ಲ. ಸೇರಸೂ ಠರಾವು ಬಿದ್ದ ಹೋತು. ಹೊರಗ ತಮ್ಮ ನಿಂತಿದ್ದ. 'ಒಡಹುಟ್ಟಿದವನ್ನ ರಾಡ್ಯಾಗ ಬಿಟ್ಟೆಲ್ಲ ಅಕ್ಕಾ' ಅಂದು ಹೋದವ ನಾಗರ ಪಂಚಮಿಗೂ ಮನಿಗಿ ಕರಿಯಾಕ ಬರಲಿಲ್ಲ.

ಅದ ಮಳಿಗಾಲದಾಗ ಅವನ ಹೆಂಡತಿ ಓಣ್ಯಾಗ ಜಾರಿ ಬಿದ್ದು ಕಾಲ ಮುರಕೊಂಡ್ಳು. ನೋಡಾಕ ಹೋದ್ನಿ, ಮೊಣಕಾಲಮಟ ಹೊಲಸ ನೀರು. ಮೆಂಬರ ಆಗಿ ಎರಡ ವರ್ಷ ಆಗಿತ್ತು, ಮಳ್ಯಾಗ ಆ ಓಣಿಗಿ ಒಮ್ಮೆರೆ ಕಾಲ ಇಟ್ಟಿರಲಿಲ್ಲ ನಾ. ಖರೇ ಹೇಳತೇನಿ, ನಾಚಿಕಿ ಆತು. ಮುಂದಿನ ಮೀಟಿಂಗಿನ್ಯಾಗ ಹಟ ಹಿಡದ್ನಿ, ಖಾತ್ರಿ ಕೆಲಸದಾಗ ಕಾಲನಿ ಗಟಾರ ತೋಡಸ್ರಿ ಅಂತ. ಹಳೇ ಊರಾನ ಮೆಂಬರ ಒಬ್ಬ ಎದ್ದ ನಿಂತ, 'ಬಂಗಲೆದಾವ್ರಿಗಿ ನಮ್ಮ ಹೆಣ್ಮಕ್ಕಳು ಗಟಾರ ತೋಡಬೇಕೇನ್ರಿ?' ಬಾಗಲದಾಗ ನಿಂತ ಹುಸೇನಬೀನ ಅಂದ್ಳು, 'ಪಗಾರ ಬರತೈತಿಲ್ಲೋ? ನೆಲ ಯಾರದಾದ್ರ ಏನ್ರಿ?' ಮುಗೀತು, ಕೆಲಸ ಬರಕೊಂಡ್ರು. ಎಂಟ ದಿವಸ ತೋಡಿದ್ವಿ, ನಾನೂ ಬುಟ್ಟಿ ಹೊತ್ನಿ. ಮೂರನೇ ದಿವಸ ಅಪ್ಪಾಸಾಬ ಚಾ ತಂದು ಎಲ್ಲಾರಿಗೂ ಕೊಟ್ಟ, ನನಗೂ ಕೊಟ್ಟ. ಮಾತ ಮಾತ್ರ ಆಡಲಿಲ್ಲ. ಅದಕ್ಕ ಇನ್ನೂ ಒಂದ ವರ್ಷ ಹಿಡೀತು.

ನಾ ಇಳದ ಮ್ಯಾಲ ಹೊಸಾ ಮೆಂಬರು ಬಂದ್ರು, ಊರು ಪುರಸಭೆಗೆ ಸೇರೇ ಬಿಡ್ತು. ರೋಡಾತು, ನಳ ಬಂತು. ಖಾತ್ರಿ ಹೋತು. ಹುಸೇನಬೀ ಈಗ ಮುಂಜಾನೆದ್ದು ಟೆಂಪೋ ಹತ್ತಿ ಹೈವೇದಾನ ಧಾಬಾಕ್ಕ ಬಾಂಡೆ ತಿಕ್ಕಾಕ ಹೋಗತಾಳ. 'ನೋಡಿದಿ? ನಾ ಆವಾಗ ಹೇಳಿರಲಿಲ್ಲಾ?' ಅಂತಾನ ತಮ್ಮ. 'ನೀ ಮಾಡಿದ್ದ ಬರೋಬರಿ ಇತ್ತು ಪದ್ಮಕ್ಕಾ' ಅಂತಾಳ ಆಕಿ. ಇಬ್ಬರದೂ ಕೇಳತೇನಿ. ನಿಮಗಿಷ್ಟ ಹೇಳತೇನಿ, ಯಾರರೆ ಏನರೆ ಕೇಳಾಕ ಬಂದ್ರ, ಮೊದಲ ಅವ್ರ ಮನಿ ತನಕ ನಡದ ಹೋಗಿ ನೋಡಿ ಬರ್ರಿ, ಆಮ್ಯಾಲ ಹೂಂ ಅನ್ರಿ, ಉಹೂಂ ಅನ್ರಿ. ಏಳ್ರಿ ಇನ್ನ, ರೊಟ್ಟಿ ಆರತಾವ.